ಸಂಸೋನನ ಕಥೆಯೂ ನಮ್ಮ ನೀತಿಪಾಠವೂ

ಹೀಬ್ರೂ ಧರ್ಮಗ್ರಂಥದ 'ನ್ಯಾಯಸ್ಥಾಪಕರು' ಎಂಬ ಭಾಗದಲ್ಲಿ 13ರಿಂದ 16ನೆಯ ಅಧ್ಯಾಯದವರೆಗೆ ಬರುವ ಸಂಸೋನನ ಕಥೆಯನ್ನು ತರಗತಿಯಲ್ಲಿ ಹೇಳಿದವರು ನಮ್ಮ ಉಪಾಧ್ಯಾಯ ಬಂಧುಗಳಲ್ಲಿ ಇದ್ದೇ ಇರುವರು. ಸಿಂಹವನ್ನು ಬರಿಗೈಯಿಂದ ಸೀಳಿದ ವೀರನು ಮಾಯಾವಿನಿಯೊಬ್ಬಳ ಬಲೆಗೆ ಬಿದ್ದು ತಲೆಗೂದಲನ್ನೂ ಬಲವನ್ನೂ ಕಳೆದುಕೊಂಡನು. ಕಡೆಗೆ ಪಶ್ಚಾತ್ತಾಪಪಟ್ಟು ಶತ್ರುಗಳ ಗುಡಿಯನ್ನು ಕೆಡವಿ ತಾನೂ ಮಡಿದನು. ಇಷ್ಟು ಹೇಳಿ ಮುಗಿಸಿ, "ಇದರ ನೀತಿಯೇನು?" ಎಂದು ಕೇಳುವೆವು. "ಹೆಂಗಸನ್ನು ನಂಬಬಾರದು" ಎಂದು ಮುಂದಿನ ಸಾಲಿನ ಹುಡುಗನು ಒಪ್ಪಿಸುವನು. "ಭೇಷ್" ಎನ್ನುವೆವು. ಅದೇ ಕೊಠಡಿಯಲ್ಲಿ ಹೆಣ್ಣುಮಕ್ಕಳೂ ಕುಳಿತು ಕೇಳುತ್ತಿರುವರೆಂಬುದು ನಮ್ಮ ಗಮನಕ್ಕೆ ಬಾರದು. ಈ ನೀತಿ ಆ ಗ್ರಂಥದಲ್ಲಿಲ್ಲ, ನಾವು ತುರುಕಿದ್ದು.

ದೆಲೀಲಳು ನಿರ್ದೋಷಿಯೆಂಬುದು ನನ್ನ ವಾದವಲ್ಲ. ಫಿಲಿಷ್ಟಿಯ ಪ್ರಭುಗಳು ತಲೆಗೆ 1,100 ಬೆಳ್ಳಿಯಂತೆ ಆಸೆ ತೋರಿಸಿದರು, ಅವಳು ಒಪ್ಪಿದಳು. ಆದರೆ ಅವಳು ಮೂರು ಸಲ ರಹಸ್ಯವನ್ನು ಕೇಳಿದಳು, ಮೂರು ಸಲವೂ ಅವನು ಸುಳ್ಳು ಹೇಳಿದನು; ಅವನು ಹೇಳಿದ ಉಪಾಯವನ್ನೇ ಅವನ ಮೇಲೆ ಪ್ರಯೋಗಿಸಿ, ಶತ್ರುಗಳು ಬಂದರೆಂದು ಮೂರು ಸಲವೂ ಅವಳು ಕೂಗಿದಳು. ಇಷ್ಟನ್ನೂ ಕಣ್ಣಾರೆ ಕಂಡು ನಾಲ್ಕನೆಯ ಸಲ ನಿಜವನ್ನು ಬಾಯಿಬಿಟ್ಟವನನ್ನು ಮೋಸಹೋದ ಮುಗ್ಧನೆನ್ನಲಾದೀತೇ? ಅವಳು ಅನ್ಯಜನಾಂಗದವಳೆಂದು ಕೂಡ ಗ್ರಂಥವು ಹೇಳಿಲ್ಲ. ಸೋರೇಕ್ ಕಣಿವೆಯವಳೆಂದಷ್ಟೇ ಹೇಳಿ ಸುಮ್ಮನಾಗಿದೆ.

ಇನ್ನೊಂದು ಪಕ್ಷದವರು ಅವನನ್ನು ಸಂತನನ್ನಾಗಿಸುವರು. ಇಬ್ರಿಯರಿಗೆ ಬರೆದ ಪತ್ರಿಕೆಯ 11ನೆಯ ಅಧ್ಯಾಯದಲ್ಲಿ ವಿಶ್ವಾಸಿಗಳ ಸಾಲಿನಲ್ಲಿ ಅವನ ಹೆಸರಿದೆ. ಸಭಾಪಿತೃಗಳು ಅವನಲ್ಲಿ ಕ್ರಿಸ್ತನ ಮುನ್ಸೂಚನೆಯನ್ನು ಕಂಡರು. ಅವನ ಆತ್ಮಹತ್ಯೆಗೆ ದೇವರಾತ್ಮನ ಗುಪ್ತವಾದ ಆಜ್ಞೆಯೇ ಕಾರಣವೆಂದು ಅಗಸ್ಟೀನನು 'ದೇವರ ನಗರ' ಎಂಬ ಗ್ರಂಥದಲ್ಲಿ ಸಮರ್ಥಿಸಿದನು. ಈ ಮಹನೀಯರ ಪಾಂಡಿತ್ಯದ ಮುಂದೆ ಪ್ರಾಥಮಿಕ ಶಾಲೆಯ ಶಿಕ್ಷಕನು ಎಷ್ಟರವನು? ಆದರೂ ಮೂಲವನ್ನು ತೆರೆದು ಓದುವ ಹಕ್ಕು ಅವನಿಗೂ ಉಂಟಷ್ಟೆ. ಸಂಸೋನನ ಕೊನೆಯ ಪ್ರಾರ್ಥನೆಯಲ್ಲಿ ಪಶ್ಚಾತ್ತಾಪದ ಒಂದು ಮಾತೂ ಇಲ್ಲ. ತನ್ನ ಜನರ ಬಿಡುಗಡೆಯ ಮಾತೂ ಇಲ್ಲ. ತನ್ನ ಕಣ್ಣುಗಳಿಗಾಗಿ ಮುಯ್ಯಿ ತೀರಿಸಿಕೊಳ್ಳುವಷ್ಟು ಬಲವನ್ನು ಇನ್ನೊಮ್ಮೆ ಬೇಡುವನು. ಪರಿತಪಿಸುವ ಸಂಸೋನನು ಕಣ್ಣು ಕಳೆದುಕೊಂಡಿದ್ದ ಮಿಲ್ಟನ್ ಕವಿಯು 1671ರಲ್ಲಿ ಪ್ರಕಟಿಸಿದ ಕಾವ್ಯನಾಟಕದವನು. ಅದು ದೊಡ್ಡ ಕೃತಿ, ನಿಜ, ಆದರೆ ಧರ್ಮಗ್ರಂಥವಲ್ಲ.

ಕಣ್ಣಿನ ಮಾತು ಬಂದುದರಿಂದ ಹೇಳುವೆನು. ಸಂಸೋನನು ಕಣ್ಣುಗಳ ಹಿಂದೆ ಹೋದನು, ಆದುದರಿಂದ ಅವನ ಕಣ್ಣುಗಳೇ ಹೋದವೆಂದು ಯೆಹೂದ್ಯ ಪಂಡಿತರು ಮಿಷ್ನಾದಲ್ಲಿ ತೀರ್ಪಿತ್ತಿರುವರು. ಅವರ ಓದು ನಮ್ಮದಕ್ಕಿಂತ ಹರಿತವಾದುದು. ತಿಮ್ನಾ ಊರಿನ ಹುಡುಗಿಯನ್ನು ಬಯಸಿದಾಗ, ಅವಳು ತನ್ನ ಕಣ್ಣಿಗೆ ಒಪ್ಪಿಗೆಯೆಂಬುದೇ ಅವನು ತಂದೆಗೆ ಕೊಟ್ಟ ಕಾರಣ. ಅರಸನಿಲ್ಲದ ಆ ಕಾಲದ ಜನರು ತಮತಮಗೆ ಸರಿಕಂಡಂತೆ ನಡೆದರೆಂದು ಗ್ರಂಥದ ಕೊನೆಯ ವಾಕ್ಯದಲ್ಲಿ ದೂರಿದೆ. ಹೀಬ್ರೂ ಮೂಲದಲ್ಲಿ ಎರಡು ಕಡೆಯೂ 'ಕಣ್ಣಿಗೆ ಸರಿ' ಎಂಬ ಅದೇ ನುಡಿಗಟ್ಟು. ವೀರನು ತನ್ನ ಜನರ ಪ್ರತಿಬಿಂಬ! ಆ ಜನರಾದರೂ ಎಂಥವರು? ಯೆಹೂದ ಕುಲದ 3,000 ಮಂದಿ ಹೊರಟದ್ದು ಶತ್ರುಗಳೊಡನೆ ಹೋರಾಡಲಿಕ್ಕಲ್ಲ, ಸಂಸೋನನನ್ನು ಕಟ್ಟಿ ಅವರಿಗೆ ಒಪ್ಪಿಸಲಿಕ್ಕೆ.

"ತಿಮ್ನಾದ ಮದುವೆಯು ಯೆಹೋವನ ಸಂಕಲ್ಪವೇ ಆಗಿತ್ತೆಂದು 14ನೆಯ ಅಧ್ಯಾಯವೇ ಹೇಳುತ್ತದಲ್ಲ, ಇನ್ನು ಅವನ ದೋಷವೆಲ್ಲಿ?" ಎಂದು ಕೇಳುವವರುಂಟು. ಪ್ರಶ್ನೆ ಕಠಿನವಾದುದು. ದೇವರಾತ್ಮವು ಅವನ ಮೇಲೆ ಬಂದಿತೆಂದು ಗ್ರಂಥವು ಮತ್ತೆ ಮತ್ತೆ ಹೇಳುವುದು. ಅವನ ನಡತೆಯನ್ನು ದೇವರು ಮೆಚ್ಚಿದನೆಂದು ಒಮ್ಮೆಯಾದರೂ ಹೇಳದು. ದೇವರ ಕರೆಯು ಸನ್ನಡತೆಯ ಪ್ರಮಾಣಪತ್ರವಲ್ಲ. ಅಶುದ್ಧವಾದುದನ್ನು ತಿನ್ನಬೇಡವೆಂದು ಗರ್ಭಿಣಿಯಾಗಲಿದ್ದ ಯಾವ ತಾಯಿಗೆ ದೇವದೂತನು ಕಟ್ಟಪ್ಪಣೆ ಮಾಡಿದ್ದನೋ, ಆ ತಾಯಿಗೇ ಮಗನು ಸತ್ತ ಸಿಂಹದ ಒಡಲಿನ ಜೇನನ್ನು, ಅದು ಎಲ್ಲಿಯದೆಂದು ಹೇಳದೆ, ತಿನ್ನಿಸಿದನು. ಹರಕೆಯ ಗುರುತಾಗಿ ಕಡೆಗೆ ಉಳಿದುದು ಕೂದಲೊಂದೇ.

ಆ ಕೂದಲಾದರೂ ಮಂತ್ರದ ತಾಯಿತವಲ್ಲ. ಕ್ಷೌರವಾದ ಮೇಲೆ ಅವನು ಎಂದಿನಂತೆ ಕೊಡವಿಕೊಂಡು ಏಳುವೆನೆಂದು ಎದ್ದನು. ಯೆಹೋವನು ತನ್ನನ್ನು ಬಿಟ್ಟುಹೋಗಿದ್ದುದು ಅವನಿಗೆ ತಿಳಿದಿರಲಿಲ್ಲ. ಇಡೀ ಕಥೆಯ ಭೀತಿಯೆಲ್ಲ ಇಲ್ಲಿದೆ. ಇದನ್ನು ಬಿಟ್ಟು ನಾವು ಕತ್ತರಿಯ ಕಥೆಯನ್ನು ಹೇಳುವೆವು! ಗಾಜಾದ ಸೆರೆಮನೆಯಲ್ಲಿ ಬೀಸುವ ಕಲ್ಲನ್ನು ತಿರುಗಿಸುತ್ತಿದ್ದಾಗ ಕೂದಲು ಮತ್ತೆ ಬೆಳೆಯತೊಡಗಿತೆಂಬುದು ದಿಟ. ಆದರೆ ದಾಗೋನನ ಗುಡಿಯ ಕಂಬಗಳು ಕದಲಿದ್ದು ಅವನು ಮೊರೆಯಿಟ್ಟ ಮೇಲೆಯೇ. ಆ ಮೊರೆಯು ದ್ವೇಷದಿಂದ ಕೂಡಿತ್ತು. ಹಾಗಿದ್ದೂ ಅದು ನಡೆಯಿತು. ಇಂಥವನ ಮೊರೆಯನ್ನು ದೇವರೇಕೆ ಕೇಳಿದನೆಂದು ಮಗುವೊಂದು ಎದ್ದು ಕೇಳಿದರೆ, "ಕೂತ್ಕೋ" ಎಂದು ಗದರಿಸದೆ, ಆ ಪ್ರಶ್ನೆಯನ್ನು ತರಗತಿಯ ಮುಂದಿಡುವ ಧೈರ್ಯ ನಮಗಿರಬೇಕು.

ಒತ್ನೀಯೇಲ, ಏಹೂದ, ದೆಬೋರ, ಗಿದ್ಯೋನ ಇವರ ಕಥೆಗಳ ಕೊನೆಯಲ್ಲಿ ದೇಶಕ್ಕೆ 40 ವರ್ಷವೋ 80 ವರ್ಷವೋ ನೆಮ್ಮದಿಯುಂಟಾಯಿತೆಂದಿದೆ. ಸಂಸೋನನ ಕಥೆಯ ಕೊನೆಯಲ್ಲಿ ಆ ಮಾತಿಲ್ಲ. ಬಂಧುಗಳು ಬಂದು ಹೆಣವನ್ನು ಹೊತ್ತೊಯ್ದು ತಂದೆ ಮನೋಹನ ಗೋರಿಯಲ್ಲಿ ಹೂಳಿದರು. ಅವನು 20 ವರ್ಷ ನ್ಯಾಯಸ್ಥಾಪಕನಾಗಿದ್ದನು.