ಎರಡನೆಯ ಮಾತು

ಹೋದ ತಿಂಗಳು ಬ್ರಿಜ್ ಆಟದ ಮೊದಲನೆಯ ಕೂಗಿನ ವಿಚಾರವಾಗಿ ನಾವು ಬರೆದಿದ್ದೆವಷ್ಟೆ. ಅದನ್ನೋದಿ ಇಬ್ಬರು ವಾಚಕರು ಕಾಗದ ಬರೆದಿರುತ್ತಾರೆ. ಇಸ್ಪೀಟಾಟದ ಪ್ರಸ್ತಾಪವು ಗೃಹಸ್ಥರು ಓದತಕ್ಕ ಪತ್ರಿಕೆಗೆ ಒಪ್ಪುವುದೇ ಎಂದು ಒಬ್ಬ ಮಹನೀಯರು ಕೇಳಿದ್ದಾರೆ. ಜೂಜಾಡಿ ಮನೆಮಠ ಕಳೆದುಕೊಂಡವನ ಗೋಳನ್ನು ಋಗ್ವೇದದ ಹತ್ತನೆಯ ಮಂಡಲದಲ್ಲಿಯೇ ಕೇಳಿದವರು ನಾವು. ಆ ಭಯವನ್ನು ಹಗುರವಾಗಿ ಕಾಣುವವರಲ್ಲ. ಆದರೆ ಪಣವಿಲ್ಲದೆ ಆಡುವ ಬ್ರಿಜ್ಜಿಗೂ ಜೂಜಿಗೂ ಇರುವ ಅಂತರವು ವ್ಯಾಯಾಮಕ್ಕೂ ಹೊಡೆದಾಟಕ್ಕೂ ಇರುವಷ್ಟು. 2018ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಈ ಆಟಕ್ಕೆ ಪದಕಗಳನ್ನಿಟ್ಟಾಗ ಪುರುಷರ ಜೋಡಿ ವಿಭಾಗದ ಚಿನ್ನವನ್ನು ಗೆದ್ದವರು ನಮ್ಮ ದೇಶದ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್ ಎಂಬವರು. ಬರ್ಧನರಿಗೆ ಆಗ ವಯಸ್ಸು ಅರವತ್ತು. ಅರವತ್ತರ ಅಂಚಿನಲ್ಲಿರುವ ನಮ್ಮಂಥವರಿಗೆ ಇದು ಸಣ್ಣ ಸಮಾಧಾನವಲ್ಲ.

ಇನ್ನೊಂದು ಕಾಗದ ಸೋದರಿಯೊಬ್ಬರದು. "ಮೊದಲ ಕೂಗು ಹೇಗೋ ಬಾಯಿಗೆ ಬರುತ್ತದೆ. ಜೊತೆಗಾರರು ಉತ್ತರ ಕೊಟ್ಟು ಮತ್ತೆ ನನ್ನ ಸರದಿ ಬಂದಾಗ ಗಂಟಲು ಕಟ್ಟುತ್ತದೆ" ಎಂದು ಅವರು ಬರೆಯುತ್ತಾರೆ. ಈ ಸೋದರಿಯವರು ಆಟದ ಮರ್ಮಸ್ಥಾನಕ್ಕೇ ಕೈಯಿಟ್ಟಿದ್ದಾರೆ. ನಮ್ಮ ಗಂಟಲೂ ಅಲ್ಲಿಯೇ ಕಟ್ಟಿತ್ತು.

ಹೊಸಬರಿಗಾಗಿ ಎರಡು ಮಾತು. ನಾಲ್ವರು ಆಟಗಾರರು; ಎದುರುಬದುರು ಕುಳಿತವರು ಜೊತೆಗಾರರು; ಒಬ್ಬೊಬ್ಬರಿಗೆ ಹದಿಮೂರು ಎಲೆ. ಒಂದು ಸುತ್ತಿನಲ್ಲಿ ಬೀಳುವ ನಾಲ್ಕು ಎಲೆಗಳ ಗುಂಪಿಗೆ ಟ್ರಿಕ್ಕು ಎಂದು ಹೆಸರು. ಎಲೆಗಳನ್ನು ಇಳಿಸುವುದಕ್ಕೆ ಮುಂಚೆ ಹರಾಜಿನಲ್ಲಿ ಕೂಗುವಂತೆ, ಇಂಥ ಜಾತಿಯನ್ನು ತುರುಫು ಮಾಡಿ ಇಷ್ಟು ಟ್ರಿಕ್ಕುಗಳನ್ನು ಗೆಲ್ಲುತ್ತೇವೆಂದು ಕೂಗಬೇಕು. ಒಂದು ಎಂದರೆ ಆರರ ಮೇಲೆ ಒಂದು, ಅಂದರೆ ಏಳು. ಕೂಗಿನ ಮೆಟ್ಟಲಿನಲ್ಲಿ ಕಳಾವರು ಎಲ್ಲಕ್ಕೂ ಕೆಳಗೆ. ಅದರ ಮೇಲೆ ಡೈಮನ್ನು, ಆಟೀನು, ಇಸ್ಪೀಟು. ತುದಿಯಲ್ಲಿ ತುರುಫಿಲ್ಲದ ಆಟವಾದ ನೋಟ್ರಂಪು. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂದು ಅಂಕಗಳನ್ನೆಣಿಸಿ, ಸಾಮಾನ್ಯವಾಗಿ 12 ಅಥವಾ 13 ಅಂಕಗಳಿದ್ದರೆ ಆಟ ತೆರೆಯಬೇಕು. ಇಬ್ಬರ ಅಂಕಗಳೂ ಸೇರಿ 25 ಅಥವಾ 26 ಆದರೆ 'ಗೇಮ್' ಎಂಬ ದೊಡ್ಡ ಬಹುಮಾನಕ್ಕೆ ಕೈಹಾಕಬಹುದು. ನೋಟ್ರಂಪಿನಲ್ಲಿ ಅದಕ್ಕೆ ಒಂಬತ್ತು ಟ್ರಿಕ್ಕುಗಳು ಬೇಕು.

ಈಗ ತೊಡಕು ಎಲ್ಲಿದೆ ನೋಡಿರಿ. "ಒಂದು ಡೈಮನ್ನು" ಎಂದು ತೆರೆದವನ ಕೈಯಲ್ಲಿ 12 ಅಂಕಗಳೂ ಇರಬಹುದು, 21 ಅಂಕಗಳೂ ಇರಬಹುದು. ಮನೆಯಲ್ಲಿ ಅಕ್ಕಿ ಇದೆ ಎಂದ ಹಾಗೆ. ಒಂದು ಸೇರೋ ಒಂದು ಮೂಟೆಯೋ ತಿಳಿಯದು. ಜೊತೆಗಾರನು 6 ಅಂಕಗಳಿದ್ದರೂ ಸಾಕೆಂದು "ಒಂದು ಇಸ್ಪೀಟು" ಎನ್ನುತ್ತಾನೆ. ಅವನ ಮಾತೂ ಅಷ್ಟೇ ಅಸ್ಪಷ್ಟ. ಇಬ್ಬರಲ್ಲಿ ಒಬ್ಬರಾದರೂ ಲೆಕ್ಕ ಒಪ್ಪಿಸದಿದ್ದರೆ ಅಡಿಗೆ ಎಷ್ಟು ಜನಕ್ಕೆಂದು ನಿಶ್ಚಯಿಸುವುದು ಹೇಗೆ? ಆ ಲೆಕ್ಕವನ್ನು ಒಪ್ಪಿಸುವುದೇ ತೆರೆದವನ ಎರಡನೆಯ ಕೂಗಿನ ಕೆಲಸ.

ತರ್ಕಶಾಸ್ತ್ರವನ್ನು ಓದಿದವರಿಗೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ನೆನಪಿರಬಹುದು. ವಾಕ್ಯದಿಂದ ಅರ್ಥ ಹುಟ್ಟಬೇಕಾದರೆ ಈ ಮೂರೂ ಇರಬೇಕು. ಒಂದು ಪದ ಕಿವಿಗೆ ಬಿದ್ದೊಡನೆ ಇನ್ನೊಂದನ್ನು ಕೇಳಬೇಕೆನಿಸುವುದು ಆಕಾಂಕ್ಷೆ. ಆ ಪದಗಳು ಒಂದಕ್ಕೊಂದು ಹೊಂದುವುದು ಯೋಗ್ಯತೆ. ಬೆಂಕಿಯಿಂದ ತೋಟವನ್ನು ನೆನೆಸು ಎಂದರೆ ವ್ಯಾಕರಣ ಶುದ್ಧವಾಗಿದ್ದರೂ ಅರ್ಥ ಕೂಡುವುದಿಲ್ಲ. ಸನ್ನಿಧಿಯೆಂದರೆ ಪದಗಳು ತಡವಿಲ್ಲದೆ ಒಂದರ ಬಳಿ ಒಂದು ಬರುವುದು. ಮೊದಲನೆಯ ಕೂಗು ಹುಟ್ಟಿಸುವುದು ಆಕಾಂಕ್ಷೆಯನ್ನು ಮಾತ್ರ. ಎರಡನೆಯದರಲ್ಲಿ ಯೋಗ್ಯತೆಯಿರಬೇಕು: ಅದು ಕೈಯಲ್ಲಿರುವ ಎಲೆಗಳಿಗೂ ಹೊಂದಬೇಕು, ಮೊದಲು ಆಡಿದ ಮಾತಿಗೂ ಹೊಂದಬೇಕು. ಸನ್ನಿಧಿಯ ವಿಚಾರವಾಗಿ ಹೇಳುವುದಾದರೆ, ಕೂಗುವ ಮೊದಲು ಐದು ನಿಮಿಷ ಚಾವಣಿಯನ್ನು ನೋಡುತ್ತ ಕೂಡುವುದು ಸಭ್ಯತೆಯಲ್ಲ. ಆ ತಡವೇ ಜೊತೆಗಾರನಿಗೆ ಗುಟ್ಟನ್ನು ಹೇಳಿಬಿಡುತ್ತದೆ.

ಮೂವತ್ತಾರು ವರ್ಷ ಈ ಪಾಠಗಳನ್ನು ಹೇಳಿದ ನಾವೇ ಮಾಡಿದ ತಪ್ಪನ್ನು ಕೇಳಿರಿ. ಸಂಜೆಯ ಹೊತ್ತು ನಮ್ಮ ಪಡಸಾಲೆಯಲ್ಲಿ ನೆರೆಮನೆಯ ವಕೀಲ ದಂಪತಿಗಳೊಡನೆ ಆಡುವುದು ವಾಡಿಕೆ. ನಮಗೆ ಜೊತೆ ನಮ್ಮ ಮನೆಯಾಕೆ. ಅಂದು ನಮಗೆ ಬಂದ ಎಲೆಗಳು: ಇಸ್ಪೀಟಿನಲ್ಲಿ 8, 3, ಆಟೀನಿನಲ್ಲಿ ಎಕ್ಕ, ಗುಲಾಮ, 9, 4, ಡೈಮನ್ನಿನಲ್ಲಿ ರಾಜ, ರಾಣಿ, 10, 7, 2, ಕಳಾವರಿನಲ್ಲಿ ರಾಜ, 6. ಒಟ್ಟು 13 ಅಂಕಗಳು. ನಾವು "ಒಂದು ಡೈಮನ್ನು" ಎಂದು ತೆರೆದೆವು. ಆಕೆ "ಒಂದು ಇಸ್ಪೀಟು" ಎಂದಳು. ಆಟೀನಿನ ಎಕ್ಕನೂ ಗುಲಾಮನೂ ಕೈಯಲ್ಲಿರುವಾಗ ಹೇಳದೆ ಇರುವುದೆಂತು ಎಂಬ ಚಪಲದಿಂದ ನಾವು "ಎರಡು ಆಟೀನು" ಎಂದುಬಿಟ್ಟೆವು.

ಈ ಕೂಗಿಗೆ ಆಟದಲ್ಲಿ 'ರಿವರ್ಸ್' ಎಂದು ಹೆಸರು. ಅದರ ಅಪಾಯವನ್ನು ತಿಳಿಯಲು ಮೆಟ್ಟಲುಗಳನ್ನು ನೆನೆಯಿರಿ. ಮೊದಲು ಆಟೀನನ್ನೂ ಆಮೇಲೆ "ಎರಡು ಕಳಾವರು" ಎಂದೂ ಕೂಗಿದ್ದರೆ, ನಮ್ಮ ಮೊದಲ ಜಾತಿಯೇ ಮೇಲೆನಿಸಿದ ಜೊತೆಗಾರನು ಎರಡರ ಅಂತಸ್ತಿನಲ್ಲಿಯೇ "ಎರಡು ಆಟೀನು" ಎಂದು ನಿಲ್ಲಬಹುದು. ಅದಕ್ಕೆ ಹೆಚ್ಚಿನ ಬಲ ಬೇಡ. ನಾವಾದರೋ ಕೆಳಗಿನ ಡೈಮನ್ನನ್ನು ಮೊದಲು ಹೇಳಿ ಮೇಲಿನ ಆಟೀನನ್ನು ಆಮೇಲೆ ಹೇಳಿದ್ದೆವು. ಡೈಮನ್ನಿಗೆ ಹಿಂದಿರುಗಬೇಕಾದರೆ ಆಕೆ ಮೂರರ ಅಂತಸ್ತಿಗೆ ಹತ್ತಬೇಕು. ಜೊತೆಗಾರನನ್ನು ಹಾಗೆ ಹತ್ತಿಸುವವನ ಕೈಯಲ್ಲಿ 17 ಅಂಕಗಳಾದರೂ ಇರಬೇಕೆಂಬುದು ನಿಯಮ. ಇದ್ದದ್ದು 13.

ಆಕೆಯಲ್ಲಿ 9 ಅಂಕಗಳಿದ್ದುವು: ಇಸ್ಪೀಟಿನ ರಾಜ, ರಾಣಿ; ಡೈಮನ್ನಿನ ಗುಲಾಮ; ಕಳಾವರಿನ ರಾಣಿ, ಗುಲಾಮ. ಹದಿನೇಳೂ ಒಂಬತ್ತೂ ಇಪ್ಪತ್ತಾರು ಎಂದು ಗುಣಿಸಿ "ಮೂರು ನೋಟ್ರಂಪು" ಎಂದಳು. ಎರಡು ಟ್ರಿಕ್ಕುಗಳು ಕಡಮೆಯಾದುವು, 200 ದಂಡ. ನಾವು "ಒಂದು ನೋಟ್ರಂಪು" ಎಂದಿದ್ದರೆ 12ರಿಂದ 14ರವರೆಗಿನ ಸಾಧಾರಣ ಕೈಯೆಂದು ತಿಳಿದು ಆಕೆ ಅಲ್ಲಿಯೇ ಬಿಡುತ್ತಿದ್ದಳು. ಏಳು ಟ್ರಿಕ್ಕು ಬಂದಿದ್ದರೂ 90 ನಮ್ಮ ಕಡೆಗೆ.

ಆಟ ಮುಗಿದ ಮೇಲೆ ನಾವು ವಾಡಿಕೆಯಂತೆ ಆಕೆಯ ಆಟದಲ್ಲಿ ತಪ್ಪನ್ನು ಹುಡುಕಲು ಹೊರಟೆವು. ಕಳಾವರನ್ನು ಮೊದಲೇ ಆಡಬೇಕಾಗಿತ್ತು, ಇಸ್ಪೀಟನ್ನು ತಡೆದಿಡಬೇಕಾಗಿತ್ತು, ಎಂದೆಲ್ಲ. ಆಕೆ ಎಲೆಗಳನ್ನು ಜೋಡಿಸುತ್ತಲೇ, "ಆಡಿದ್ದರಲ್ಲಿ ತಪ್ಪಿರಬಹುದು, ನಾನೇನು ಪಂಡಿತಳಲ್ಲ. ಆದರೆ ನೀವು ಹದಿನೇಳು ಇದೆ ಎಂದಿರಿ, ನಾನು ನಂಬಿದೆ. ನಂಬಬಾರದಾಗಿತ್ತೆ?" ಎಂದಳು. ವಕೀಲರು ಅಡ್ಡಪ್ರಶ್ನೆಯನ್ನು ಹಾಕಲಿಲ್ಲ. ನಾವೂ ಸುಮ್ಮನಾದೆವು. ಆ ರಾತ್ರಿ ಊಟದ ಹೊತ್ತಿನಲ್ಲಿಯೂ ಆ ಪ್ರಶ್ನೆ ಎಲೆಯ ಮುಂದೆಯೇ ಕುಳಿತಿತ್ತು.

ಮುಂದಿನ ವಾರ ನಮ್ಮ ಅವಸ್ಥೆ ತೆನಾಲಿ ರಾಮಕೃಷ್ಣನ ಬೆಕ್ಕಿನದು. ಹಾಲನ್ನು ಕಂಡರೆ ಓಟ. ಇಸ್ಪೀಟಿನ ಎಕ್ಕ, ರಾಣಿ, 6. ಆಟೀನಿನ ರಾಜ, 4. ಡೈಮನ್ನಿನ ಎಕ್ಕ, ಗುಲಾಮ, 5. ಕಳಾವರಿನ ರಾಜ, ರಾಣಿ, 8, 7, 3. ಒಟ್ಟು 19 ಅಂಕಗಳು. "ಒಂದು ಕಳಾವರು" ಎಂದು ತೆರೆದೆವು, ಆಕೆ "ಒಂದು ಆಟೀನು" ಎಂದಳು. ಹಿಂದಿನ ಅಪಮಾನದ ನೆನಪಿನಿಂದ ನಾವು "ಒಂದು ನೋಟ್ರಂಪು" ಎಂದು ಮೆಲ್ಲಗೆ ಹೇಳಿದೆವು. 7 ಅಂಕಗಳಿದ್ದ ಆಕೆ ನಮ್ಮಲ್ಲಿ ಹೆಚ್ಚೆಂದರೆ 14 ಎಂದು ತಿಳಿದು ಕೈಬಿಟ್ಟಳು. ಟ್ರಿಕ್ಕುಗಳು ಬಂದದ್ದು ಹತ್ತು! ಸಿಕ್ಕಿದ್ದು 180, "ಎರಡು ನೋಟ್ರಂಪು" ಎಂದು ಒಂದು ಮೆಟ್ಟಲು ಹಾರಿ 18 ಅಥವಾ 19 ಅಂಕಗಳನ್ನು ತಿಳಿಸಿದ್ದರೆ ಆಕೆ ಮೂರಕ್ಕೆ ಏರಿಸುತ್ತಿದ್ದಳು, 430 ಸಿಕ್ಕುತ್ತಿತ್ತು. ಇದ್ದುದನ್ನು ಇಲ್ಲವೆಂದದ್ದೂ ಸುಳ್ಳೇ. ವಿನಯದ ವೇಷ ಹಾಕಿಕೊಂಡು ಬಂದಿತ್ತು, ಅಷ್ಟೆ.

ಹತ್ತು ಟ್ರಿಕ್ಕು ಗೆದ್ದರೂ ಗೇಮ್ ಏಕಿಲ್ಲವೆಂದು ಹೊಸಬರು ಕೇಳುತ್ತಾರೆ. ಹಿಂದಿನ ಆಕ್ಷನ್ ಬ್ರಿಜ್ಜಿನಲ್ಲಿ ಕೂಗದೆ ಗೆದ್ದ ಟ್ರಿಕ್ಕುಗಳೂ ಗೇಮ್ ಲೆಕ್ಕಕ್ಕೆ ಬರುತ್ತಿದ್ದುವು. ಕೆಳಗೆ ನಿಂತರೂ ನಷ್ಟವಿರಲಿಲ್ಲ. 1925ರಲ್ಲಿ ಅಮೆರಿಕದ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ಎಂಬ ಶ್ರೀಮಂತರು ಪನಾಮಾ ಕಾಲುವೆಯ ಮಾರ್ಗವಾಗಿ ಹಡಗಿನಲ್ಲಿ ಪ್ರಯಾಣ ಮಾಡುತ್ತ ಹೊಸ ಅಂಕಪದ್ಧತಿಯೊಂದನ್ನು ಪರೀಕ್ಷಿಸಿದರು. ಕೂಗಿ ಒಪ್ಪಿಕೊಂಡಷ್ಟಕ್ಕೆ ಮಾತ್ರ ಗೇಮಿನ ಫಲ ಎಂಬ ಕಟ್ಟನ್ನು ಅದರಲ್ಲಿ ಬಿಗಿಮಾಡಿದರು. ಈಗಿನ ಕಾಂಟ್ರಾಕ್ಟ್ ಬ್ರಿಜ್ ಹರಡಿದ್ದು ಅಲ್ಲಿಂದ. ಎರಡನೆಯ ಮಾತಿಗೆ ಇಷ್ಟು ತೂಕ ಬಂದದ್ದೂ ಅದರಿಂದಲೇ.

ಹಾಗಾದರೆ ಎರಡನೆಯ ಸಲ ಏನನ್ನು ಹೇಳಬೇಕು? ಕಾಗದ ಬರೆದ ಸೋದರಿಯವರು ಕೂಗುವ ಮುನ್ನ ಮನಸ್ಸಿನಲ್ಲಿ ತಮ್ಮ ಕೈಯನ್ನು ಮೂರು ತರಗತಿಗಳಲ್ಲಿ ಒಂದಕ್ಕೆ ಸೇರಿಸಲಿ: 12ರಿಂದ 15 ಸಾಧಾರಣ, 16ರಿಂದ 18 ಉತ್ತಮ, ಅದಕ್ಕೂ ಮೇಲಾದರೆ ಅತ್ಯುತ್ತಮ. ಆಮೇಲೆ ಎಲೆಗಳ ಆಕಾರವನ್ನು ನೋಡಲಿ. ಜೊತೆಗಾರನು ಹೇಳಿದ ಇಸ್ಪೀಟೋ ಆಟೀನೋ ತಮ್ಮಲ್ಲಿಯೂ ನಾಲ್ಕು ಇದ್ದರೆ ಬೇರೆ ಯೋಚನೆ ಬೇಡ, ಅದನ್ನೇ ಏರಿಸಲಿ. ಸಾಧಾರಣ ಕೈಯಾದರೆ ಎರಡಕ್ಕೆ, ಉತ್ತಮವಾದರೆ ಮೂರಕ್ಕೆ, ಅತ್ಯುತ್ತಮವಾದರೆ ನೇರವಾಗಿ ನಾಲ್ಕಕ್ಕೆ. ತಮ್ಮ ಜಾತಿಯೇ ಆರು ಎಲೆಗಳಷ್ಟು ಉದ್ದವಾಗಿದ್ದರೆ ಅದನ್ನೇ ಮತ್ತೆ ಹೇಳುವುದು. ಸಾಧಾರಣ ಕೈಯಲ್ಲಿ ಎರಡು, ಉತ್ತಮದಲ್ಲಿ ಒಂದು ಮೆಟ್ಟಲು ಹಾರಿ ಮೂರು. ಎಲ್ಲ ಜಾತಿಗಳೂ ಸಮನಾಗಿ ಹಂಚಿದ್ದರೆ ನೋಟ್ರಂಪು. ಎರಡು ಜಾತಿಗಳು ಉದ್ದವಾಗಿದ್ದರೆ, ಮೆಟ್ಟಲಿನ ವಿಚಾರವನ್ನು ಮರೆಯದೆ, ಎರಡನೆಯ ಜಾತಿ. 15 ರಿಂದ 17 ಅಂಕಗಳ ಸಮನಾದ ಕೈಯನ್ನು ಮೊದಲೇ "ಒಂದು ನೋಟ್ರಂಪು" ಎಂದು ತೆರೆಯುವುದು ನಾವು ಹಿಡಿದಿರುವ ಪದ್ಧತಿ; ಬೇರೆ ಪದ್ಧತಿಗಳವರು ಈ ಅಂಕಿಗಳನ್ನು ತಮಗೆ ಬೇಕಾದಂತೆ ತಿದ್ದಿಕೊಳ್ಳಬೇಕು. ಇವೆಲ್ಲ ಉತ್ಸರ್ಗಗಳು. ಅಪವಾದಗಳು ಎಷ್ಟೋ ಇವೆ. ಪಾಣಿನಿಯನ್ನು ಓದಿದವರಿಗೆ ಅದು ಹೊಸದೇನಲ್ಲ.

ಅಂಕಿಗಳು ಒಂದು ವಾರದಲ್ಲಿ ಕಂಠಸ್ಥವಾಗುತ್ತವೆ. ನಮಗೆ ಕಷ್ಟವಾದದ್ದು ಬೇರೆ. "ಒಂದು ನೋಟ್ರಂಪು" ಎಂಬಂತಹ ಎಲ್ಲೆ ಕಟ್ಟಿದ ಮಾತನ್ನು ಆಡಿದ ಮೇಲೆ ನಮ್ಮ ಅಧಿಕಾರ ಮುಗಿಯಿತು. ನಮ್ಮ ಕೈ ಏನೆಂದು ಜೊತೆಗಾರನಿಗೆ ಗೊತ್ತು, ಅವನ ಕೈ ನಮಗೆ ಗೊತ್ತಿಲ್ಲ. ಆದ್ದರಿಂದ ಎಷ್ಟಕ್ಕೆ ನಿಲ್ಲಬೇಕೆಂದು ತೀರ್ಮಾನಿಸತಕ್ಕವನು ಅವನೇ. ತರಗತಿಯಲ್ಲಿ ಉತ್ತರ ತಿಳಿದೇ ಪ್ರಶ್ನೆ ಕೇಳಿ ರೂಢಿಯಾದವರಿಗೆ, ಮನೆಯಲ್ಲಿ ಕೊನೆಯ ಮಾತು ತಮ್ಮದೇ ಎಂದು ನಂಬಿಕೊಂಡವರಿಗೆ, ಇದು ಸುಲಭವಲ್ಲ. ಕೂಗಿದ ಮೇಲೆ ಹುಬ್ಬೇರಿಸಿಯೋ ಸ್ವರವನ್ನು ಎತ್ತಿಯೋ ಇನ್ನಷ್ಟು ಇದೆಯೆಂದು ಸೂಚಿಸಲು ಮನಸ್ಸು ಹವಣಿಸುತ್ತದೆ. ಅದು ಆಟದಲ್ಲಿ ನಿಷಿದ್ಧ. ಕ್ಲಬ್ಬುಗಳ ಪಂದ್ಯಗಳಲ್ಲಿ ಬಾಯಿ ಬಿಡದೆ, ಕೂಗುಗಳನ್ನು ಅಚ್ಚು ಮಾಡಿದ ಚೀಟಿಗಳನ್ನು ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲಿಡುತ್ತಾರೆ. ನಮ್ಮ ಪಡಸಾಲೆಗೂ ಅಂತಹದೊಂದು ಪೆಟ್ಟಿಗೆ ಬೇಕೆಂದು ವಕೀಲರ ಮನೆಯವರು ಸೂಚಿಸಿದ್ದಾರೆ. ಅದು ಯಾರನ್ನು ಕುರಿತ ಸೂಚನೆಯೆಂದು ನಾವು ವಿಚಾರಿಸಲಿಲ್ಲ.

ಮೊನ್ನೆ ಶನಿವಾರದ ಆಟವೊಂದನ್ನು ಹೇಳಿ ಮುಗಿಸುತ್ತೇವೆ. ನಮ್ಮಲ್ಲಿ 12 ಅಂಕಗಳು. ಕಳಾವರಿನಿಂದ ತೆರೆದು, ಆಕೆ ಆಟೀನೆಂದ ಮೇಲೆ "ಒಂದು ನೋಟ್ರಂಪು" ಎಂದೆವು. ಆಕೆ "ಎರಡು ನೋಟ್ರಂಪು" ಎಂದಳು. ತನ್ನಲ್ಲಿ 11 ಅಥವಾ 12 ಇದೆ, ನಿಮ್ಮಲ್ಲಿ 14 ಇದ್ದರೆ ಮುಂದೆ ಹೋಗಿರಿ, ಇಲ್ಲವಾದರೆ ನಿಲ್ಲಿರಿ ಎಂದು ಅದರ ಅರ್ಥ. ಕೈಯಲ್ಲಿದ್ದ ಎರಡು ಎಕ್ಕಗಳು ಬಹಳ ಚೆನ್ನಾಗಿ ಕಾಣುತ್ತಿದ್ದುವು. ವಕೀಲರು ನಮ್ಮ ಮುಖವನ್ನೇ ನೋಡುತ್ತಿದ್ದರು. "ಪಾಸ್" ಎಂದೆವು.

ಆಡಿದೆವು. ಎಂಟು ಟ್ರಿಕ್ಕುಗಳು ಬಂದುವು. ಒಂಬತ್ತನೆಯದು ಏನು ಮಾಡಿದರೂ ಇರಲಿಲ್ಲ. ಆಕೆ 120 ಎಂದು ಬರೆದುಕೊಂಡು, ಕಾಫಿಗೆ ನೀರಿಡಲು ಎದ್ದುಹೋದಳು.

ಮುಂದಿನ ತಿಂಗಳು ಜೊತೆಗಾರನ ಎರಡನೆಯ ಕೂಗಿನ ವಿಚಾರ.