ಮಹಾನಗರದ ಬಿರುದು, ಗ್ರಾಮಗಳ ಹಕ್ಕು

ಹಾಸನದ ನಗರಸಭೆಯು 2025ರಲ್ಲಿ ಮಹಾನಗರಪಾಲಿಕೆಯ ಪದವಿಗೇರಿತು. ನಗರದ ಸುತ್ತಣ ಗ್ರಾಮಗಳು ಈ ಹೊಸ ಪಾಲಿಕೆಯ ಎಲ್ಲೆಯೊಳಕ್ಕೆ ಬಂದವು. ಜಿಲ್ಲೆಯ ಮುಖ್ಯಪಟ್ಟಣಕ್ಕೆ ದೊರೆತ ಗೌರವವೆಂದು ಇದನ್ನು ಹಲವರು ಕೊಂಡಾಡಿದರು. ಹಾಸನದ ಏಳಿಗೆಯಲ್ಲಿ ನಮಗೂ ಸಂತೋಷವಿದೆ. ಆದರೆ ಒಂದು ಊರಿಗೆ ಬಿರುದು ಬರಬೇಕೆಂಬ ಕಾರಣಕ್ಕಾಗಿ ನೆರೆಯ ಹತ್ತಾರು ಊರುಗಳು ತಮ್ಮ ಪಂಚಾಯಿತಿಗಳನ್ನು ಕಳೆದುಕೊಳ್ಳಬೇಕೆಂಬ ನೀತಿಯನ್ನು ನಾವು ಒಪ್ಪಲಾರೆವು.

ಮಹಾನಗರವೆನ್ನಿಸಿಕೊಳ್ಳಲು 1976ರ ಕರ್ನಾಟಕ ಮಹಾನಗರಪಾಲಿಕೆಗಳ ಅಧಿನಿಯಮವು ಕೆಲವು ನಿಬಂಧನೆಗಳನ್ನು ವಿಧಿಸಿದೆ. ಜನಸಂಖ್ಯೆಯು 3 ಲಕ್ಷಕ್ಕೆ ಕಡಮೆಯಿರಕೂಡದು. ಚದರ ಕಿಲೋಮೀಟರಿಗೆ 3,000 ಜನರಾದರೂ ಇರಬೇಕು. ದುಡಿಯುವವರಲ್ಲಿ ಅರ್ಧದಷ್ಟು ಮಂದಿಯಾದರೂ ಬೇಸಾಯವಲ್ಲದ ವೃತ್ತಿಗಳಲ್ಲಿರಬೇಕು. 2011ರ ಜನಗಣತಿಯಲ್ಲಿ ಹಾಸನದ ಜನಸಂಖ್ಯೆಯು ಹೊರವಲಯಗಳೂ ಸೇರಿ ಸುಮಾರು 1,55,000 ಮಾತ್ರ. ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಗ್ರಾಮಗಳನ್ನು ಸೇರಿಸಿಕೊಳ್ಳುವ ಅವಸರವೇಕೆ ಬಂದಿತೆಂಬುದು ವಿವೇಕಿಗಳಾದ ವಾಚಕರಿಗೆ ತಿಳಿಯದಿರದು. ತಲೆಯೆಣಿಕೆಗೆ ಬೇಕಾದಾಗ ಗ್ರಾಮಸ್ಥರು ನಗರವಾಸಿಗಳಾಗುತ್ತಾರೆ; ಚರಂಡಿ, ನಲ್ಲಿ, ಬೀದಿದೀಪಗಳನ್ನು ಕೇಳಿದಾಗ ಅವರು ಮತ್ತೆ ಹಳ್ಳಿಯವರೇ.

ಈ ವಿಲೀನದಿಂದ ಗ್ರಾಮಸ್ಥನಿಗೆ ನಷ್ಟವಾಗುವುದೇನು? ಮೊದಲನೆಯದು ಪ್ರಾತಿನಿಧ್ಯ. 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಗ್ರಾಮಪಂಚಾಯಿತಿಯಲ್ಲಿ 400 ಜನಕ್ಕೆ ಒಬ್ಬ ಸದಸ್ಯನಿರುತ್ತಾನೆ. ಮೂರು ಲಕ್ಷ ಜನರ ಪಾಲಿಕೆಯಲ್ಲಿ 60 ಮಂದಿ ಸದಸ್ಯರಿದ್ದರೂ ಒಬ್ಬೊಬ್ಬನಿಗೆ 5,000 ಜನ ಬೀಳುತ್ತಾರೆ. ಎಂದರೆ ಹಳ್ಳಿಗನ ಮತದ ಬೆಲೆಯು ಹನ್ನೆರಡರಲ್ಲಿ ಒಂದು ಪಾಲಿಗಿಂತಲೂ ಕೆಳಗಿಳಿಯುತ್ತದೆ. ಎರಡನೆಯದು ಗ್ರಾಮಸಭೆ. ಊರಿನ ಮತದಾರರೆಲ್ಲರೂ ಒಂದೆಡೆ ಕುಳಿತು, ಖರ್ಚಿನ ಲೆಕ್ಕವನ್ನು ಎದುರಿಗೇ ಕೇಳುವ ಹಕ್ಕನ್ನು ಕಾನೂನು ಗ್ರಾಮಕ್ಕೆ ಕೊಟ್ಟಿದೆ. ಪಾಲಿಕೆಯಲ್ಲಿ ಗ್ರಾಮಸಭೆಯಿಲ್ಲ. ಮೂರನೆಯದು ಕೂಲಿ. ಗ್ರಾಮೀಣರಿಗೆಂದೇ ಇರುವ ಉದ್ಯೋಗ ಖಾತರಿಯು ನಗರದ ಎಲ್ಲೆಯೊಳಗೆ ಸಲ್ಲುವುದಿಲ್ಲ. ಊರಿನ ಹೊಲಗಳು ಮಾತ್ರ ಹಾಗೆಯೇ ಉಳಿದಿರುತ್ತವೆ. ಅವುಗಳ ನಡುವೆ ದುಡಿಯುವ ಬಡವನು ಒಂದು ಸರಕಾರಿ ಆಜ್ಞೆಯಿಂದ ಪಟ್ಟಣಿಗನಾಗಿಬಿಡುತ್ತಾನೆ.

ಇದು ಬರಿಯ ಊಹೆಯಲ್ಲ. ಬೆಂಗಳೂರಿನ ದೃಷ್ಟಾಂತವು ಕಣ್ಣೆದುರಿಗಿದೆ. 2007ರಲ್ಲಿ ಏಳು ನಗರಸಭೆಗಳನ್ನೂ ಕೆಂಗೇರಿಯ ಪುರಸಭೆಯನ್ನೂ 110 ಗ್ರಾಮಗಳನ್ನೂ ಕೂಡಿಸಿ ಬೃಹತ್ ಬೆಂಗಳೂರು ಮಹಾನಗರಪಾಲಿಕೆಯನ್ನು ಕಟ್ಟಿದರು. ಹೊಸ ಸಂಸ್ಥೆಗೆ 2010ರವರೆಗೆ ಚುನಾವಣೆಯೇ ನಡೆಯಲಿಲ್ಲ. ಆ 110 ಗ್ರಾಮಗಳಿಗೆಂದು ಯೋಜಿಸಿದ ಕಾವೇರಿ ಐದನೆಯ ಹಂತದ ನೀರು ಹರಿಯತೊಡಗಿದ್ದು 2024ರ ಅಕ್ಟೋಬರಿನಲ್ಲಿ. ಮಹಾನಗರದವರೆನ್ನಿಸಿಕೊಂಡು ಹದಿನೇಳು ವರ್ಷ ಕೊಳವೆಬಾವಿಯನ್ನೂ ಟ್ಯಾಂಕರನ್ನೂ ನಂಬಿ ಬದುಕಿದ್ದೇ ಅವರಿಗೆ ದೊರೆತ ಫಲ. ಇತ್ತ 2020ರ ಸೆಪ್ಟೆಂಬರಿನಲ್ಲಿ ಚುನಾಯಿತ ಸಭೆಯ ಅವಧಿ ಮುಗಿದ ಮೇಲೆ, 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯೇ ಅಳಿಯುವವರೆಗೂ, ಜನರಿಂದ ಆಯ್ಕೆಯಾದ ಒಬ್ಬ ಸದಸ್ಯನೂ ಅಲ್ಲಿರಲಿಲ್ಲ. ಕಡೆಗೆ ಸರಕಾರದವರೇ ಅದನ್ನು ಐದು ಪಾಲಿಕೆಗಳಾಗಿ ಒಡೆದರು.

ಹುಬ್ಬಳ್ಳಿ-ಧಾರವಾಡಗಳ ಕಥೆಯೂ ಇದಕ್ಕೆ ಸಾಕ್ಷಿ. 1962ರಲ್ಲಿ ಎರಡು ಪಟ್ಟಣಗಳನ್ನು ಒಂದು ನೊಗಕ್ಕೆ ಕಟ್ಟಿದರು. ತಮ್ಮ ಪಟ್ಟಣವು ಹಿಂದುಳಿಯಿತೆಂದು ಧಾರವಾಡದ ನಾಗರಿಕರು ಬಹುಕಾಲ ಮೊರೆಯಿಟ್ಟ ಮೇಲೆ, 2025ರ ಜನವರಿಯಲ್ಲಿ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆಯನ್ನು ಕೊಡಲು ಮಂತ್ರಿಮಂಡಲವು ಒಪ್ಪಿತು. ಒಂದೆಡೆ ಅರುವತ್ತು ವರ್ಷಗಳ ಗಂಟನ್ನು ಬಿಚ್ಚುತ್ತ, ಮತ್ತೊಂದೆಡೆ ಹೊಸ ಗಂಟನ್ನು ಹಾಕುವ ನೀತಿಯಲ್ಲಿ ಸಾಮಂಜಸ್ಯವೆಲ್ಲಿದೆ?

ವಿಲೀನದ ಪಕ್ಷದವರು ಹೇಳುವ ಒಂದು ಮಾತಿನಲ್ಲಿ ಸತ್ಯವಿದೆ. ನಗರದ ಅಂಚಿನ ಹಳ್ಳಿಗಳಲ್ಲಿ ಬಡಾವಣೆಗಳು ತಲೆಯೆತ್ತಿವೆ; ಅವುಗಳಿಗೆ ಒಳಚರಂಡಿಯನ್ನೂ ಕುಡಿಯುವ ನೀರನ್ನೂ ಒದಗಿಸುವ ಶಕ್ತಿಯು ಒಂದು ಪಂಚಾಯಿತಿಗೆ ಸಾಲದು. ಆದರೆ ಎರಡು ಮನೆಯವರು ಒಂದೇ ಬಾವಿಯ ನೀರನ್ನು ಸೇದಬೇಕಾದರೆ ನಡುವಣ ಗೋಡೆಯನ್ನು ಕೆಡವಬೇಕಾಗಿಲ್ಲ. ನೀರು, ಕಸ, ರಸ್ತೆಗಳಿಗಾಗಿ ನಗರವೂ ಗ್ರಾಮಗಳೂ ಕೂಡಿ ಒಂದು ಜಂಟಿ ಮಂಡಲಿಯನ್ನು ರಚಿಸಿಕೊಳ್ಳಬಹುದು. ನಗರ ಮತ್ತು ಗ್ರಾಮಗಳ ಯೋಜನೆಗಳನ್ನು ಕ್ರೋಡೀಕರಿಸುವುದಕ್ಕೆಂದೇ ಸಂವಿಧಾನವು ಜಿಲ್ಲಾ ಯೋಜನಾ ಸಮಿತಿಯನ್ನು ವಿಧಿಸಿದೆ. ಬಲವಿಲ್ಲದ ಪಂಚಾಯಿತಿಗೆ ಹಣವನ್ನೂ ಇಂಜಿನಿಯರನ್ನೂ ಕೊಡುವುದು ಸರಕಾರದ ಕರ್ತವ್ಯ. ಆ ಕರ್ತವ್ಯವನ್ನು ಬಿಟ್ಟು ಪಂಚಾಯಿತಿಯನ್ನೇ ಇಲ್ಲವಾಗಿಸುವುದು ನೆಗಡಿಯಾದರೆ ಮೂಗನ್ನೇ ಕೊಯ್ದಂತೆ.

ಈ ವಿಷಯದಲ್ಲಿ ಜಿಲ್ಲೆಯ ಇತರ ಪಟ್ಟಣಗಳೂ ಎಚ್ಚರಿಕೆಯಿಂದಿರುವುದು ಮೇಲು. ಹೊಳೇನರಸೀಪುರವು ಹೇಮಾವತಿಯ ದಡದ ಊರು. ಅರಕಲಗೂಡು ಹೊಗೆಸೊಪ್ಪಿನ ಬೆಳೆಗೆ ಹೆಸರಾದ ಸೀಮೆಯ ಪೇಟೆ. ಚನ್ನರಾಯಪಟ್ಟಣವು ತೆಂಗಿನ ತೋಟಗಳ ನಡುವಣ ಊರು, ಶ್ರವಣಬೆಳಗೊಳಕ್ಕೆ ಹೋಗುವ ಯಾತ್ರಿಕರ ದಾರಿ. ಒಂದೊಂದರ ಅಗತ್ಯವೂ ಬೇರೆ, ಒಂದೊಂದಕ್ಕೂ ತನ್ನದೇ ಪೌರಸಭೆಯಿದೆ. ಈ ಊರುಗಳನ್ನು ಯಾರೂ ಹಾಸನಕ್ಕೆ ಸೇರಿಸಲು ಹೊರಟಿಲ್ಲ, ನಿಜ. ಆದರೆ ದೊಡ್ಡದಾದರೆ ಮಾತ್ರ ಅನುದಾನವೆಂಬ ಪದ್ಧತಿಯು ಬೇರೂರಿದರೆ ಈ ಪೌರಸಭೆಗಳ ಪಾಲಿಗೆ ಉಳಿಯುವುದೇನು? ಅವುಗಳೂ ನಾಳೆ ತಮ್ಮ ಪದವಿಯನ್ನು ಏರಿಸಿಕೊಳ್ಳಲು ನೆರೆಯ ಹಳ್ಳಿಗಳ ಮೇಲೆ ಕಣ್ಣಿಡುವುದು ಸಹಜ. ಜಿಲ್ಲೆಯ ಏಳಿಗೆಯೆಂದರೆ ಒಂದು ಊರು ಊದಿಕೊಳ್ಳುವುದಲ್ಲ. ಎಲ್ಲ ಊರುಗಳೂ ತಮ್ಮ ತಮ್ಮ ಕಾಲಮೇಲೆ ನಿಲ್ಲುವುದು.

ಮೈಸೂರು ಸೀಮೆಗೆ ಪ್ರಜೆಗಳ ಮಾತನ್ನು ಕೇಳುವ ಪದ್ಧತಿಯು ಹೊಸದಲ್ಲ. ದಿವಾನ್ ರಂಗಾಚಾರ್ಲುರವರು ಪ್ರಜಾಪ್ರತಿನಿಧಿ ಸಭೆಯನ್ನು ಕರೆದದ್ದು 1881ರಲ್ಲಿ. ಅರಸರ ಕಾಲದಲ್ಲಿಯೇ ಪ್ರಜೆಗಳನ್ನು ಕರೆದು ಕೇಳಿದ ನಾಡಿನಲ್ಲಿ, ಪ್ರಜಾಪ್ರಭುತ್ವದ ಸರಕಾರವು ಗ್ರಾಮಸ್ಥರನ್ನು ಅವರ ಊರಿನ ಭವಿಷ್ಯದ ವಿಷಯದಲ್ಲಿ ಕೇಳಬೇಡವೆ? ರಾಜ್ಯಪತ್ರದಲ್ಲಿ ಕರಡನ್ನು ಪ್ರಕಟಿಸಿ ಆಕ್ಷೇಪಣೆಗೆ ಅವಧಿ ಕೊಟ್ಟ ಮಾತ್ರಕ್ಕೆ ಕೇಳಿದಂತಾಗುವುದಿಲ್ಲ; ರಾಜ್ಯಪತ್ರವನ್ನು ಓದುವ ರೈತರೆಷ್ಟು ಮಂದಿ?

ಆದುದರಿಂದ ಸರಕಾರದವರಲ್ಲಿ ನಮ್ಮ ನಿವೇದನೆಯಿಷ್ಟು. ಇನ್ನು ಮುಂದೆ ಯಾವ ಗ್ರಾಮವನ್ನೂ ಅದರ ಗ್ರಾಮಸಭೆಯ ಒಪ್ಪಿಗೆಯಿಲ್ಲದೆ ಯಾವ ನಗರಕ್ಕೂ ಸೇರಿಸಕೂಡದು. ಈಗಾಗಲೇ ಸೇರಿದ ಗ್ರಾಮಗಳಲ್ಲಿ ನೀರೂ ಚರಂಡಿಯೂ ಬರುವವರೆಗೆ ನಗರದ ದರದ ಕಂದಾಯವನ್ನು ವಸೂಲು ಮಾಡಕೂಡದು. ಮೂರು ಲಕ್ಷಕ್ಕೂ ಮೇಲ್ಪಟ್ಟ ನಗರಗಳಿಗೆ ಸಂವಿಧಾನವು ವಿಧಿಸಿರುವ ವಾರ್ಡು ಸಮಿತಿಗಳನ್ನು ಹಾಸನದಲ್ಲಿಯೂ ಕಾಗದದ ಮೇಲಲ್ಲದೆ ಕಾರ್ಯದಲ್ಲಿ ನಡೆಸಬೇಕು. ಹೊಸ ಪಾಲಿಕೆಗೆ ಚುನಾವಣೆಯನ್ನು ಒಂದು ದಿನವೂ ಮುಂದೂಡಬಾರದು. ಗ್ರಾಮಗಳ ಮಹಾಜನರೂ ಪಟ್ಟಣದ ವಿದ್ಯಾವಂತರೂ ಪಕ್ಷಭೇದವಿಲ್ಲದೆ ಕೂಡಿ ಈ ನಾಲ್ಕನ್ನು ಒತ್ತಾಯದಿಂದ ಕೇಳಿದರೆ, ಸರಕಾರವು ಕಿವಿಗೊಡದಿರಲಾರದೆಂದು ನಾವು ನಂಬಿದ್ದೇವೆ.