ಬೂಟು ಎಸೆಯೋದೂ ಒಂದು ಆಟವೇ? ಹೌದು, ಆಟವೇ!



ಕೆಲವು ದೇಶಗಳ ಹಳ್ಳಿಗಳಲ್ಲಿ ಗಂಬೂಟು ಎಸೆಯುವ ಪಂದ್ಯ ನಡೆಯುತ್ತದೆ ಅಂತ ಹೋದ ವಾರ ನಾನು ತರಗತಿಯಲ್ಲಿ ಹೇಳಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. "ಮಂಡೆ ಸರಿ ಇಲ್ಲದವರ ಆಟ" ಅಂತ ಹಿಂದಿನ ಬೆಂಚಿನಿಂದ ಒಂದು ಮಾತೂ ಬಂತು. ನಗು ಬರುವ ವಿಷಯವೇ, ನಗಲಿ. ಆದರೆ ನಕ್ಕವರು ಇದನ್ನು ಪೂರ್ತಿ ಓದಿ ಆಮೇಲೆ ಹೇಳಲಿ.

ಫಿನ್ಲೆಂಡ್ ದೇಶದಲ್ಲಿ ಇದು ತಮಾಷೆಯ ಆಟವಲ್ಲ. ಓಟ, ಜಿಗಿತದ ಹಾಗೆ ಅಭ್ಯಾಸ ಮಾಡಿ ಆಡುತ್ತಾರೆ. 1996ರಲ್ಲಿ ಅಲ್ಲಿನ ತೆಪ್ಪೊ ಲುವೊಮಾ ಎಂಬುವರು 63.98 ಮೀಟರ್ ದೂರ ಬೂಟು ಎಸೆದು ದಾಖಲೆ ಮಾಡಿದರು. ನಮ್ಮ ಕಬಡ್ಡಿ ಅಂಕಣದ ಉದ್ದ 13 ಮೀಟರ್. ಅಂಥ ಐದು ಅಂಕಣ ಸಾಲಾಗಿ ಹಾಕಿದರೆ ಎಷ್ಟೋ ಹೆಚ್ಚುಕಡಿಮೆ ಅಷ್ಟು ದೂರ! ಅದೇ ವರ್ಷ ಸಾರಿ ತಿರ್ಕೊನೆನ್ ಎಂಬ ಮಹಿಳೆ 40.87 ಮೀಟರ್ ಎಸೆದರು. (ಹುಡುಗರು ಇದನ್ನು ಎರಡು ಸಲ ಓದಬೇಕು.) ಮೊಬೈಲ್ ಫೋನಿನಿಂದ ಹೆಸರಾದ ನೋಕಿಯಾ ಕಂಪನಿ ಕೂಡ ಆ ದೇಶದ್ದೇ, ಒಂದು ಕಾಲದಲ್ಲಿ ಅವರೂ ರಬ್ಬರ್ ಬೂಟು ಮಾಡುತ್ತಿದ್ದರು. ನ್ಯೂಜಿಲೆಂಡಿನ ತೈಹಾಪೆ ಎಂಬ ಕುರಿ ಸಾಕುವ ಸೀಮೆಯ ಸಣ್ಣ ಊರಿನಲ್ಲಿ 1985ರಿಂದ ಇದಕ್ಕಾಗಿಯೇ "ಗಂಬೂಟು ದಿನ" ಶುರುವಾಯಿತು. ತಗಡಿನ ದೊಡ್ಡ ಬೂಟೊಂದನ್ನು ಊರಲ್ಲೇ ನಿಲ್ಲಿಸಿದ್ದಾರೆ. ಇಂಗ್ಲೆಂಡಿನ ಯಾರ್ಕ್‌ಷೈರ್ ಕಡೆಯ ಹಳ್ಳಿಯಲ್ಲೂ ಈ ಪಂದ್ಯ ಉಂಟು.

ಇದಕ್ಕೆ ಬರೀ ರಟ್ಟೆ ಬಲ ಸಾಲದು. ಬೂಟಿನ ಪಾದದ ಕಡೆ ಭಾರ, ಮೇಲಿನ ಕೊಳವೆ ಟೊಳ್ಳು. ಹೇಗೆಂದರೆ ಹಾಗೆ ಬೀಸಿದರೆ ಗಾಳಿ ಹಿಡಿದು ಪಲ್ಟಿ ಹೊಡೆಯುತ್ತದೆ, ಹತ್ತು ಮಾರು ಕೂಡ ಹೋಗೋದಿಲ್ಲ. ನಾನು ಮನೆ ಹಿಂದೆ ಎಸೆದು ನೋಡಿದ್ದೇನೆ. ಮೊದಲನೆಯದು ಹಟ್ಟಿಯ ಮಾಡಿನ ಮೇಲೆ ಕೂತಿತು.

ಇನ್ನು ಕೆಲವರ ತಕರಾರು, "ಚಪ್ಪಲಿ, ಬೂಟು ಎಸೆಯೋದು ಅಂದರೆ ಅವಮಾನ" ಎಂದು. ಮನುಷ್ಯರ ಮೇಲೆ ಎಸೆದರೆ ಖಂಡಿತ ಅವಮಾನ. ಖಾಲಿ ಮೈದಾನಕ್ಕೆ ಎಸೆದರೆ ಯಾರಿಗೆ ಅವಮಾನ? ಕುರಿ ಕಾಯುವವರು, ಗದ್ದೆ ಮಾಡುವವರು ದಿನಾ ಹಾಕಿಕೊಳ್ಳುವ ವಸ್ತುವನ್ನೇ ಅವರು ಆಟದ ಸಾಮಾನು ಮಾಡಿಕೊಂಡರು. ಅದರಲ್ಲಿ ನಾಚಿಕೆ ಪಡೋದು ಏನಿದೆ?

ಒಂದು ಮಾತು ಹೇಳಲೇಬೇಕು. ನಮ್ಮಪ್ಪ ತೋಟದ ಕೆಲಸಕ್ಕೆ ಗಂಬೂಟು ಹಾಕಿಕೊಂಡೇ ಹೋಗೋದು. ಮಳೆಗಾಲದಲ್ಲಿ ಅದಿಲ್ಲದಿದ್ದರೆ ಉಂಬಳ ಕಾಲು ಬಿಡೋದಿಲ್ಲ, ಹಾವಿನ ಭಯ ಬೇರೆ. ಹೋದ ವರ್ಷ ಅವರು ಅದೇ ಕೆಸರು ಬೂಟಿನಲ್ಲಿ ನನಗೆ ಕೊಡೆ ಕೊಡಲು ಶಾಲೆಗೆ ಬಂದಿದ್ದರು. ಕೆಲವರು ನಕ್ಕರು. ನಾನು ಕಂಬದ ಹಿಂದೆ ನಿಂತುಬಿಟ್ಟೆ. ಕೊಡೆಯನ್ನು ಜಗಲಿ ಮೇಲೆ ಇಟ್ಟು ಅಪ್ಪ ವಾಪಸು ಹೋದರು. ಈವರೆಗೂ ಅವರು ಅದರ ಬಗ್ಗೆ ಕೇಳಿಲ್ಲ, ನಾನೂ ಹೇಳಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಈ ಸಲದ ಕ್ರೀಡಾಕೂಟದಲ್ಲಿ ಗುಂಡು ಎಸೆತ, ಭರ್ಚಿ ಎಸೆತದ ಜೊತೆ ಇದನ್ನೂ ಇಡಬೇಕು. ಪೋಷಕರಿಗೆ ಹೇಗೂ ಹಗ್ಗಜಗ್ಗಾಟ ಇಡುತ್ತೇವಲ್ಲ, ಅವರಿಗೂ ಇದನ್ನು ಇಡಲಿ. ಖರ್ಚು ಒಂದು ರೂಪಾಯಿಯೂ ಇಲ್ಲ. ಸುಣ್ಣದ ಗೆರೆ, ಅಳತೆ ಟೇಪು ಶಾಲೆಯಲ್ಲೇ ಇವೆ. ಬೂಟು ನಾನು ತರುತ್ತೇನೆ. ಅಪ್ಪನ ಎಡಗಾಲಿನ ಬೂಟು ಹಿಮ್ಮಡಿ ಹತ್ತಿರ ಸೀಳಿದೆ, ಕೇಳಿದ್ದಕ್ಕೆ ಕೊಡ್ತೇನೆ ಅಂದಿದ್ದಾರೆ. ತೊಳೆದೇ ತರುತ್ತೇನೆ, ಹೆದರಬೇಡಿ.

– 9ನೇ ತರಗತಿಯ ವಿದ್ಯಾರ್ಥಿನಿ